ಗೌರಕ್ಕ ತೆಗೆದ ಮರಗಳ ಫೋಟೊ

ಗೌರಕ್ಕ ಯಾರ ಫೋಟೊ ತೆಗೆಯುವಾಗಲೂ ‘ನಗಿ’ ಎಂದವರಲ್ಲ. ಮದುಮಗಳಿಗೂ ಒಂದೇ ಮಾತು, ಅರ್ಜಿಗೆ ಅಂಟಿಸುವ ಫೋಟೊಗೆ ಬಂದ ಗುಮಾಸ್ತನಿಗೂ ಒಂದೇ ಮಾತು: “ಇದ್ದಂಗೇ ಇರಿ. ಮಿಕ್ಕಿದ್ದ ನಾ ನೋಡ್ಕತೀನಿ.” ಗಂಡ ತೀರಿಕೊಂಡ ಮೇಲೆ, ಚಾಮರಾಜನಗರದ ಅರಿಸಿನ ಮಂಡಿಗಳ ಸಾಲಿನಲ್ಲಿದ್ದ ಅವರ ಸ್ಟುಡಿಯೋವನ್ನು ಗೌರಕ್ಕನೇ ನಡೆಸುತ್ತಿದ್ದರು. ಫಿಲಂ ತೊಳೆಯುವ ರಾಸಾಯನಿಕಕ್ಕೆ ಉಗುರು ಕಂದುಬಣ್ಣಕ್ಕೆ ತಿರುಗಿದ್ದವು. ಆ ಕೈಯಲ್ಲಿ ಕಲಸಿದರೆ ಸಾರು ಕೆಡುತ್ತದೆಂದು ಚಮಚದಲ್ಲೇ ಉಣ್ಣುತ್ತಿದ್ದರು.

ತೊಂಬತ್ತರ ದಶಕದ ನಡುವಿನ ವರ್ಷಗಳು. ನಾನು ತೋಟಗಾರಿಕೆ ಕಚೇರಿಗೆ ಹೊಸಬ. ತರಬೇತಿಗೆ ಹೋದಾಗ ಅಲ್ಲಿನ ಮೇಷ್ಟ್ರೊಬ್ಬರು ಎರಡು ರೋಲು ಇನ್‌ಫ್ರಾರೆಡ್ ಫಿಲಂ ಕೊಟ್ಟಿದ್ದರು. ಕಣ್ಣಿಗೆ ಕಾಣದ ಬೆಳಕನ್ನು ಹಿಡಿಯುವ ಫಿಲಂ ಅದು. ಆರೋಗ್ಯವಾದ ಎಲೆ ಅದರಲ್ಲಿ ಮಲ್ಲಿಗೆಯಂತೆ ಬೆಳ್ಳಗೆ ಬರುತ್ತದೆ. ಒಳಗೊಳಗೇ ಸೊರಗತೊಡಗಿದ ಮರ, ನೋಡಲು ಹಸಿರಾಗಿದ್ದರೂ, ಬೂದಾಗಿ ಬರುತ್ತದೆ. ಕ್ಯಾಮೆರಾಕ್ಕೆ ತುಂಬುವುದೂ ಗವ್ವೆನ್ನುವ ಕತ್ತಲಲ್ಲೇ ಆಗಬೇಕು. ನಮ್ಮ ಕಚೇರಿಯಲ್ಲಿ ಯಾರಿಗೂ ಬಾರದ ಕೆಲಸ. ಗೌರಕ್ಕನ ಬಳಿ ಹೋದೆ.

ಮೊದಲ ರೋಲಿನಲ್ಲಿ ಒಂದು ಸಪೋಟ ಮರ ಬೂದಾಗಿ ಬಂತು. ಓಡಿಹೋಗಿ ನೋಡಿದರೆ ರೋಗವೇನಿಲ್ಲ, ಕಾಲುವೆ ಕಟ್ಟಿಕೊಂಡು ಮರ ಬಾಯಾರಿತ್ತು. ನಾನು ಪೆಚ್ಚಾದೆ. ಗೌರಕ್ಕ ಅಂದರು: “ಫೋಟೊ ಮೈ ಉಸಾರಿಲ್ಲ ಅಂತ ಏಳ್ತದೆ, ಕಾಯಿಲೆ ಎಸ್ರು ಏಳಕಿಲ್ಲ. ಬುಡ ಬಗೆದು ನೋಡ್ಬೇಕಾದೋರು ನೀವು ಕಣಪ್ಪ.”

ಕುದೇರಿನ ಕಡೆ ಅವರ ತಮ್ಮ ಗುರುಸಿದ್ದಪ್ಪನ ಮೂಸಂಬಿ ತೋಟವಿತ್ತು. ಅವನ ಮಗಳು ಚಿಕ್ಕಂದಿನಿಂದ ಗೌರಕ್ಕನ ಮನೆಯಲ್ಲೇ ಬೆಳೆದವಳು. ಅವನು ಕಸಿ ಗಿಡ ಕಟ್ಟಿ ಮಾರುತ್ತಿದ್ದ, ಆ ವರ್ಷ ಅವಕ್ಕೆ ಗುಂಡ್ಲುಪೇಟೆಯ ಬೆಳೆಗಾರರು ಕಾದಿದ್ದರು. ನಾನು ತೋಟ ಸುತ್ತಿದೆ. ಎಲೆಯ ಮೇಲೆ ಒಂದು ಚುಕ್ಕೆಯೂ ಇರಲಿಲ್ಲ. ಗಿಡ ಸಾಗಿಸಲು ಬೇಕಾದ, ರೋಗವಿಲ್ಲವೆನ್ನುವ ಪತ್ರಕ್ಕೆ ಸಹಿ ಹಾಕಿ ಕೊಟ್ಟೆ. ಒಳ್ಳೆಯ ತೋಟ ಹೇಗೆ ಕಾಣುತ್ತದೋ ನೋಡೋಣವೆಂದು ಉಳಿದ ರೋಲನ್ನು ಅಲ್ಲೇ ಮುಗಿಸಿದೆವು. ಗೌರಕ್ಕ ನೀರಿನ ತೊಟ್ಟಿಯ ಮೇಲೆ ಹತ್ತಿ ನಿಂತು ತೆಗೆದರು.

ಗಿಡ ಸಾಗಿಸುವ ದಿನ ಬೆಳಿಗ್ಗೆ ಅವರು ಕಚೇರಿಗೇ ಬಂದರು. ಕೈಯಲ್ಲಿ ಇನ್ನೂ ಒದ್ದೆಯಾಗಿದ್ದ ಪ್ರಿಂಟು. ಬೆಳ್ಳಗಿನ ಮರಗಳ ನಡುವೆ ಬಾವಿ ಪಕ್ಕದ ಸಾಲೊಂದು ಬೂದಾಗಿತ್ತು. ನೀರು ಮೊದಲು ಮುಟ್ಟುವುದೇ ಆ ಸಾಲಿಗೆ, ಬಾಯಾರಿಕೆ ಎನ್ನುವಂತಿಲ್ಲ. ಕಸಿ ಗಿಡಗಳ ಚೀಲಕ್ಕೆ ತುಂಬಿದ್ದು ಅದೇ ಮರಗಳ ಬುಡದ ಮಣ್ಣು. ಬೇರಿಗೆ ರೋಗವಿದ್ದರೆ ಆ ಮಣ್ಣಿನ ಜೊತೆ ಅದೂ ಗುಂಡ್ಲುಪೇಟೆಗೆ ಹೋಗುತ್ತಿತ್ತು.

“ತಮ್ಮನಿಗೆ ಹೇಳಿದ್ರಾ?”

“ಅವನಿಗೇಳುದ್ರೆ ಲಾರಿ ಇನ್ನೂ ಬೇಗ ಒಂಟೋಯ್ತದೆ. ನೀವ್ ನಡೀರಿ.”

ನಾವು ತಲುಪಿದಾಗ ಲಾರಿ ಮುಕ್ಕಾಲು ತುಂಬಿತ್ತು. ಗುರುಸಿದ್ದಪ್ಪ ಫೋಟೊ ನೋಡಿ ನಕ್ಕ. ಆ ಸಾಲಿನ ಮರದಿಂದ ಎಲೆ ಕಿತ್ತು ನನ್ನ ಮುಖಕ್ಕೆ ಹಿಡಿದ. “ಏನ್ ಸಾರ್, ಇದು ಬೂದಿ ಬಣ್ಣವಾ? ನೀವೇ ಸೈನ್ ಮಾಡ್ಕೊಟ್ಟಿದ್ದೀರಿ!”

ಗೌರಕ್ಕ ಗುದ್ದಲಿ ಎತ್ತಿಕೊಂಡರು.

“ಅಕ್ಕಾ, ಮರ ಮುಟ್ಬ್ಯಾಡ. ಮುಟ್ಟುದ್ರೆ ನಂಗೂ ನಿಂಗೂ ಇವತ್ತಿಗೆ ಮುಗೀತು.”

“ಒಂದೇ ಬುಡ ಬಗೀತೀನಿ ಕಣ್ಲಾ. ಬೇರು ನೆಟ್ಟಗಿದ್ರೆ ಈ ಫೋಟೊ ಅರ್ದಾಕಿ ನಿನ್ ಕಾಲಿಗ್ ಬೀಳ್ತೀನಿ.”

ಡ್ರೈವರ್ ಎಂಜಿನ್ ಶುರು ಮಾಡಿದ. ಗೌರಕ್ಕ ಅಗೆದರು. ಮೊದಲು ಸಿಕ್ಕ ಬೇರು ಗಟ್ಟಿಯಾಗಿ ಚೆನ್ನಾಗಿಯೇ ಇತ್ತು. ಗುರುಸಿದ್ದಪ್ಪ ಫೋಟೊಗೆ ಕೈ ಚಾಚಿದ. ಅವರು ಕೊಡಲಿಲ್ಲ, ಮರದ ಆಚೆ ಬದಿಗೆ ಹೋಗಿ ಕುಕ್ಕರಗಾಲಲ್ಲಿ ಕೂತು ಬರಿಗೈಯಿಂದ ಮಣ್ಣು ಸರಿಸತೊಡಗಿದರು. ಅಲ್ಲಿ ಬೇರಿನ ಸಿಪ್ಪೆ, ಬೆಂದ ಗೆಣಸಿನ ಸಿಪ್ಪೆಯ ಹಾಗೆ, ಬೆರಳಿಗೇ ಕಳಚಿ ಬಂತು. ಕೊಳೆತ ವಾಸನೆ ನಾನು ನಿಂತಲ್ಲಿಗೂ ಹೊಡೆಯಿತು.

ಎಂಜಿನ್ ನಿಲ್ಲಿಸುವಂತೆ ಗುರುಸಿದ್ದಪ್ಪ ಡ್ರೈವರಿಗೆ ಸನ್ನೆ ಮಾಡಿದ. ನಾನು ನನ್ನ ಪತ್ರವನ್ನು ವಾಪಸು ಇಸಿದುಕೊಂಡು ಅಲ್ಲೇ ಅಡ್ಡಗೆರೆ ಎಳೆದೆ. ಗಿಡಗಳನ್ನೆಲ್ಲ ಇಳಿಸಿ ಸುಟ್ಟರು, ಆ ಸಾಲನ್ನು ಕಡಿದರು. ಮಿಕ್ಕ ತೋಟ ಔಷಧಿಯಿಂದ ಉಳಿಯಿತು. ಗುಂಡ್ಲುಪೇಟೆಗೆ ಆ ರೋಗ ಹೋಗಲಿಲ್ಲ. ಆದರೆ ಗುರುಸಿದ್ದಪ್ಪ ಅಂದ ಹಾಗೇ ನಡೆದುಕೊಂಡ. ಅದೇ ವಾರ ಬಂದು ಮಗಳನ್ನು ಕರೆದುಕೊಂಡು ಹೋದ.

ಎರಡು ವರ್ಷದ ಮೇಲೆ ಆ ಹುಡುಗಿಯ ಮದುವೆ, ಚಾಮರಾಜನಗರದಲ್ಲೇ. ಕಚೇರಿಯವರಿಗೆಲ್ಲ ಕರೆ ಬಂದಿತ್ತು. ಧಾರೆಗೆ ಇನ್ನೂ ಸ್ವಲ್ಪ ಹೊತ್ತಿತ್ತು. ಮಂಟಪದಿಂದ ಹೊರಗೆ ಬಂದರೆ, ರಸ್ತೆಯಾಚೆ ಗೌರಕ್ಕ ನಿಂತಿದ್ದರು.

“ಬನ್ನಿ ಅಕ್ಕ ಒಳಕ್ಕೆ, ನಾನಿದೀನಿ.”

“ಬ್ಯಾಡ ಕಣಪ್ಪ. ಅವನ ಮನೆ ಸುಭಕಾರ್ಯ, ಅವನಾಗೇ ಕರೀಬೇಕು.” ಮಂಟಪದ ಕಡೆ ನೋಡುತ್ತಾ ಕೇಳಿದರು, “ಮಗು ಯಾವ ಸೀರೆ ಉಟ್ಟದೆ?”

“ಹಸಿರು. ಕೆಂಪಂಚು.”

“ಮೊಗ್ಗಿನ ಜಡೆ ಆಕವ್ರಾ?”

“ಹಾಕಿದ್ದಾರೆ.”

ಸೆರಗಿನ ಗಂಟು ಬಿಚ್ಚಿ ಒಂದು ಹಿಡಿ ಅಕ್ಷತೆಯನ್ನು ನನ್ನ ಅಂಗೈಗೆ ಸುರಿದರು. “ಇದ ಅದ್ರ ತಲೆ ಮ್ಯಾಲೆ ಆಕ್ಬುಡಿ. ನಾ ಕೊಟ್ಟೆ ಅನ್ಬ್ಯಾಡಿ.”

ಅಕ್ಷತೆ ಹಾಕುವಾಗ ನಾನು ಅವರ ಮಾತು ಮೀರಿದೆ. ಯಾರು ಕೊಟ್ಟದ್ದೆಂದು ಹುಡುಗಿಯ ಕಿವಿಯಲ್ಲಿ ಹೇಳಿಬಿಟ್ಟೆ. ಅವಳು ಥಟ್ಟನೆ ಬಾಗಿಲ ಕಡೆ ತಿರುಗಿದಳು. ಜನರನ್ನು ಸರಿಸಿಕೊಂಡು ನಾನು ಹೊರಗೆ ಓಡಿಬರುವಷ್ಟರಲ್ಲಿ ಗೌರಕ್ಕ ಹೊರಟುಹೋಗಿದ್ದರು. ಮರುತಿಂಗಳು ನನಗೆ ವರ್ಗವಾಯಿತು. ಹೇಳಿ ಬರೋಣವೆಂದು ಹೋದಾಗ ಸ್ಟುಡಿಯೋಕ್ಕೆ ಬೀಗ ಬಿದ್ದಿತ್ತು. ಅವರು ಎಲ್ಲಿಗೆ ಹೋದರೆಂದು ಆ ಮಂಡಿಗಳ ಸಾಲಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.