ಅರವತ್ತೊಂದು ಸಾವಿರದ ಒಂದು

ಬೆಳಿಗ್ಗೆ ಹನ್ನೊಂದು ಗಂಟೆ ಏಳು ನಿಮಿಷ. ಆ ಸಂದೇಶವನ್ನು ಆಮೇಲೆ ನೂರು ಸಲವಾದರೂ ತೆರೆದು ನೋಡಿದ್ದೇನೆ, ಅದರ ಮೂಲೆಯಲ್ಲಿ ಹೊತ್ತು ನಮೂದಾಗಿದೆ. ನಾನು ಕಚೇರಿಯಲ್ಲಿದ್ದೆ. ವಿಮಾ ಕಂಪನಿಯೊಂದರಲ್ಲಿ ಕ್ಲೇಮು ಅರ್ಜಿಗಳನ್ನು ಪರಿಶೀಲಿಸುವ ಕೆಲಸ ನನ್ನದು. ಅತ್ತೆಯ ಹಾರ್ಮೋನಿಯಂ ಮಾರಿದ ಹಣ ಬಂತೆಂದುಕೊಂಡು ಮೊಬೈಲು ಎತ್ತಿದೆ.

ಹಣ ಬಂದಿರಲಿಲ್ಲ. ಹರಾಜು ಗೆದ್ದವರು ಗಡುವಿನೊಳಗೆ ಹಣ ಕಟ್ಟಿಲ್ಲ, ಆದರೂ ಮಾರಾಟಗಾರರಾದ ನೀವು ಹನ್ನೆರಡು ಸಾವಿರದ ಎಂಟುನೂರ ನಲವತ್ತು ರೂಪಾಯಿ ಶುಲ್ಕ ಕಟ್ಟಬೇಕು ಎಂದಿತ್ತು. ಹದಿನೈದು ದಿನದೊಳಗೆ ಕಟ್ಟದಿದ್ದರೆ ನಮ್ಮ ಗೋದಾಮಿನಲ್ಲಿರುವ ವಸ್ತುವನ್ನು ಕನಿಷ್ಠ ಬೆಲೆಯ ಮಿತಿ ಇಲ್ಲದೆ ಮರುಹರಾಜಿಗೆ ಹಾಕಿ ಬಾಕಿ ವಸೂಲು ಮಾಡಿಕೊಳ್ಳುತ್ತೇವೆ ಎಂದೂ ಇತ್ತು. ಕೆಳಗೊಂದು ಕೊಂಡಿ. ಒತ್ತಿದರೆ 'ಮುಂಬರುವ ಹರಾಜು' ಎಂಬ ಪುಟ ತೆರೆಯಿತು. ಅಲ್ಲಿ ಅತ್ತೆಯ ಹಾರ್ಮೋನಿಯಂ ಪೆಟ್ಟಿಗೆಯ ಚಿತ್ರ, ನಾನೇ ಚೆನ್ನೈನ ಪೋರೂರಿನ ನಮ್ಮ ಮನೆಯ ಬಾಲ್ಕನಿಯಲ್ಲಿ ತೆಗೆದದ್ದು. ಆರಂಭಿಕ ಬೆಲೆ ಒಂದು ರೂಪಾಯಿ.

ಆ ಪುಟ ಇವತ್ತಿಗೂ ಕಣ್ಣಿಂದ ಹೋಗಿಲ್ಲ.

ಅತ್ತೆ ಎಂದರೆ ನನ್ನ ತಂದೆಯ ಅಕ್ಕ. ರೈಲ್ವೆಯಲ್ಲಿ ಗುಮಾಸ್ತೆಯಾಗಿ ನಿವೃತ್ತರಾದವರು, ಮದುವೆಯಾಗಲಿಲ್ಲ, ನನ್ನ ಜೊತೆ ಇರುತ್ತಾರೆ. ಪೆಟ್ಟಿಗೆ ನನ್ನ ತಾತನದು. ಕೋಡಂಬಾಕ್ಕಂನಲ್ಲಿ ಕನ್ನಡ ಚಿತ್ರಗಳೂ ತಯಾರಾಗುತ್ತಿದ್ದ ಕಾಲದಲ್ಲಿ ತಾತ ಅದನ್ನು ಹೊತ್ತು ಸ್ಟುಡಿಯೋದಿಂದ ಸ್ಟುಡಿಯೋಗೆ ಅಲೆದವರು. ಅವರ ನಂತರ ತಾಂಬರಂನ ಭಜನೆ ಮಂಡಳಿಯಲ್ಲಿ ಅತ್ತೆ ಅದನ್ನು ನುಡಿಸಿದರು. ಎರಡು ವರ್ಷದಿಂದ ಅವರ ಬೆರಳು ಮಡಚುವುದಿಲ್ಲ. ನುಡಿಸದೆ ಇಟ್ಟರೆ ತಿದಿ ಒಣಗಿ ಬಿರಿಯುತ್ತದೆ, ನುಡಿಸುವವರ ಕೈಗೆ ಹೋಗಲಿ ಎಂಬುದೊಂದೇ ಅವರ ಆಸೆ. ಹಳೆಯ ವಸ್ತುಗಳನ್ನು ಹರಾಜು ಹಾಕುವ ಆ ಜಾಲತಾಣವನ್ನು ಹುಡುಕಿದ್ದು ನಾನು. ವಸ್ತುವನ್ನು ಮೊದಲೇ ಪರೀಕ್ಷೆಗೆಂದು ಅವರ ಗೋದಾಮಿಗೆ ಕಳಿಸಬೇಕಿತ್ತು, ಕಳಿಸಿದೆ. ನಿಯಮಗಳ ಪುಟದ ಕೆಳಗೆ 'ಒಪ್ಪಿದ್ದೇನೆ' ಎಂದು ಒತ್ತಿದವಳೂ ನಾನೇ. ಓದಿರಲಿಲ್ಲ.

ಹದಿನೆಂಟು ಸಾವಿರಕ್ಕೆ ಹೋದರೆ ಸಾಕೆಂದಿದ್ದೆವು. ಅರವತ್ತೊಂದು ಸಾವಿರಕ್ಕೆ ಮುಗಿದಾಗ ಅತ್ತೆ ಸಜ್ಜಿಗೆ ಮಾಡಿ ನೆರೆಮನೆಗೂ ಕೊಟ್ಟುಬಂದರು. ಇಷ್ಟು ಕೊಡುವವನು ಸುಮ್ಮನೆ ಕಪಾಟಿನಲ್ಲಿ ಇಡುವವನಲ್ಲ, ನುಡಿಸುವವನೇ ಇರಬೇಕು ಎಂದು ಲೆಕ್ಕ ಹಾಕಿದರು.

ಆ ದಿನ ಮಧ್ಯಾಹ್ನದಿಂದ ಜಗಳ ಶುರುವಾಯಿತು. ಜಗಳ ಎನ್ನಲು ಎದುರಿಗೆ ಒಬ್ಬರಾದರೂ ಬೇಕು. ನನಗೆ ಸಿಕ್ಕಿದ್ದು ಚಾಟ್ ಕಿಟಕಿ. ಅದು ನಾಲ್ಕು ಆಯ್ಕೆ ಕೊಡುತ್ತಿತ್ತು, ನನ್ನ ತೊಂದರೆ ಆ ನಾಲ್ಕರಲ್ಲಿ ಇರಲಿಲ್ಲ. 'ಇತರೆ' ಒತ್ತಿದರೆ ಮತ್ತೆ ಅದೇ ನಾಲ್ಕು. ಮಾರಾಟವೇ ಆಗದಿದ್ದಾಗ ಮಾರಾಟದ ಮೇಲಿನ ಕಮಿಷನ್ ಹೇಗೆ ಎಂದು ಮೇಲ್ ಬರೆದೆ. ಕೂಗು ಮುಗಿದ ಕ್ಷಣಕ್ಕೇ ಕಮಿಷನ್ ಸಲ್ಲುತ್ತದೆ, ನಿಯಮದಲ್ಲಿದೆ ಎಂದು ಉತ್ತರ ಬಂತು. ಕನಿಷ್ಠ ಬೆಲೆ ಗೊತ್ತುಪಡಿಸಿದ್ದಕ್ಕೂ ಶುಲ್ಕ, ಅವರ ಗೋದಾಮಿನಲ್ಲಿ ದಿನ ಕಳೆದದ್ದಕ್ಕೂ ಬಾಡಿಗೆ. ಕೂಗಿದವರು ಯಾರೋ ನನಗೆ ಗೊತ್ತಿಲ್ಲ, ನಕಲಿ ಖರೀದಿದಾರರನ್ನು ಒಳಗೆ ಬಿಟ್ಟದ್ದು ನಿಮ್ಮ ತಪ್ಪು, ಅದಕ್ಕೆ ನಾನೇಕೆ ದಂಡ ತೆರಲಿ ಎಂದು ಎರಡನೆಯ ಮೇಲ್ ಬರೆದೆ. ಆ ವಾಕ್ಯ ಬರೆದಾಗ ನನಗೆ ಬಹಳ ಸಮಾಧಾನವಾಗಿತ್ತು.

ಮೂರನೆಯ ದಿನ ಫೋನಿನಲ್ಲಿ ಒಬ್ಬ ಹೆಂಗಸು ಸಿಕ್ಕಳು. ಮೆತ್ತಗೆ ಮಾತಾಡಿದಳು. "ನಿಯಮ ಓದಿಯೇ ಸಹಿ ಮಾಡಿದ್ದೀರಲ್ಲ ಮೇಡಂ" ಎಂದಳು. ಇದೇ ಮಾತನ್ನು, ಇದೇ ಮೆತ್ತನೆಯ ದನಿಯಲ್ಲಿ, ನಾನು ಹದಿನಾರು ವರ್ಷದಿಂದ ನನ್ನ ಮೇಜಿನ ಎದುರು ಕೂತವರಿಗೆ ಹೇಳುತ್ತ ಬಂದಿದ್ದೇನೆ. ಸಿಟ್ಟಿನಲ್ಲಿ ಫೋನಿಟ್ಟೆ. ಯಾರ ಮೇಲೆ ಸಿಟ್ಟೆಂದು ಗೊತ್ತಾಗಲಿಲ್ಲ.

ನಿದ್ದೆ ಹಾರಿಹೋಯಿತು. ಕಣ್ಣು ಹತ್ತಿದೊಡನೆ ಆ ಒಂದು ರೂಪಾಯಿಯ ಪುಟ ಬರುತ್ತಿತ್ತು. ಯಾರೋ ತಮಾಷೆಗೆ ನೂರು ರೂಪಾಯಿ ಕೂಗುತ್ತಾನೆ, ಪೆಟ್ಟಿಗೆಯನ್ನು ತೆಗೆದುಕೊಂಡುಹೋಗಿ ಹೋಟೆಲಿನ ಗಲ್ಲಾದ ಪಕ್ಕ ಅಲಂಕಾರಕ್ಕೆ ಇಡುತ್ತಾನೆ, ಅದರ ಮೇಲೊಂದು ಹೂದಾನಿ. ಎದ್ದು ಪುಟ ತೆರೆದು, ದಿನ ಎಷ್ಟು ಉಳಿದಿದೆ ಎಂದು ನೋಡಿ ಮಲಗುತ್ತಿದ್ದೆ. ಅತ್ತೆಗೆ ಹೇಳಿರಲಿಲ್ಲ. ಹಣ ಬರುವುದು ತಡವಾಗುತ್ತದಂತೆ ಎಂದಷ್ಟೇ ಹೇಳಿದ್ದೆ.

ಕೊನೆಗೆ ಕ್ಲೇಮಿನವಳ ಬುದ್ಧಿ ಉಪಯೋಗಿಸಿ ದಾಖಲೆ ಕೇಳಿದೆ. ಕೂಗುಗಳ ಪೂರ್ತಿ ಪಟ್ಟಿ ಕೊಡಿ, ನಕಲಿ ಎಂದು ನಾನು ತೋರಿಸಿಕೊಡುತ್ತೇನೆ ಎಂದೆ. ಎಂಟನೆಯ ದಿನ ಪಟ್ಟಿ ಬಂತು. ಹೆಸರಿಲ್ಲ, ಗುರುತಿನ ಸಂಖ್ಯೆ ಮಾತ್ರ. ಊಟದ ಡಬ್ಬಿ ಪಕ್ಕಕ್ಕಿಟ್ಟು ಓದತೊಡಗಿದೆ. ಮೊದಲಿಗೆ ಹತ್ತೊಂಬತ್ತು ಸಾವಿರ, ಇಪ್ಪತ್ತು ಸಾವಿರ, ಇಪ್ಪತ್ತೆರಡು ಸಾವಿರ. ಆಮೇಲೆ ಇಪ್ಪತ್ತೈದು ಸಾವಿರದ ಒಂದು. ಮೂವತ್ತೊಂದು ಸಾವಿರದ ಒಂದು. ನಲವತ್ತು ಸಾವಿರದ ನೂರ ಒಂದು. ಐವತ್ತೊಂದು ಸಾವಿರದ ಒಂದು. ಅರವತ್ತೊಂದು ಸಾವಿರದ ಒಂದು.

ಆ ಕಡೆಯ ಒಂದುಗಳ ಮೇಲೆ ಮತ್ತೊಮ್ಮೆ ಬೆರಳಾಡಿಸಿದೆ. ಮದುವೆ ಮನೆಯ ಲಕೋಟೆಯಲ್ಲಿ, ದೇವರ ತಟ್ಟೆಯಲ್ಲಿ ಹೀಗೆ ಒಂದು ರೂಪಾಯಿ ಸೇರಿಸುವವರನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ. ಮೊಬೈಲಿನಲ್ಲಿ ನಮ್ಮ ಮನೆಯವರ ವಾಟ್ಸಾಪ್ ಗುಂಪು ತೆರೆದು ಹಿಂದಕ್ಕೆ ಹೋದೆ. ಹರಾಜು ಶುರುವಾದ ದಿನ ನಾನೇ ಹಾಕಿದ್ದೆ: 'ಅತ್ತೆಯ ಪೆಟ್ಟಿಗೆ ಹರಾಜಿಗೆ ಬಂದಿದೆ, ಎಲ್ಲರೂ ನೋಡಿ.' ಕೆಳಗೆ ಚಿಕ್ಕಪ್ಪ ಕೈಮುಗಿದ ಚಿಹ್ನೆ ಹಾಕಿದ್ದರು.

ಅರ್ಧ ದಿನ ರಜೆ ಹಾಕಿ ಗಿಂಡಿ ನಿಲ್ದಾಣದಲ್ಲಿ ಎಲೆಕ್ಟ್ರಿಕ್ ಟ್ರೈನ್ ಹತ್ತಿ ತಾಂಬರಂಗೆ ಹೋದೆ. ಚಿಕ್ಕಪ್ಪ, ಎಂದರೆ ಅತ್ತೆಯ ಕಿರಿಯ ತಮ್ಮ, ಬನಿಯನ್ನಿನಲ್ಲೇ ಬಾಗಿಲು ತೆಗೆದರು. ಪಟ್ಟಿಯನ್ನು ಅವರ ಮುಂದೆ ಹಿಡಿದೆ.

"ಇದರಲ್ಲಿ ನಿಮ್ಮದು ಯಾವುದು ಚಿಕ್ಕಪ್ಪ?"

ಕನ್ನಡಕ ಹಾಕಿಕೊಂಡು ಸಂತೋಷದಿಂದಲೇ ನೋಡಿದರು. "ಕಡೇದು ನಂದೇ. ಅದರ ಮೇಲಿಂದು ನಮ್ಮ ಭಜನೆ ಮಂಡಳಿ ಸೆಕ್ರೆಟರಿದು, ನಾನೇ ಹೇಳಿದ್ದೆ. ನಲವತ್ತು ನಿನ್ನ ಚಿಕ್ಕಮ್ಮ. ಯಾಕೆ, ಅವಳು ನೂರ ಒಂದು ಹಾಕಿದ್ದು ತಪ್ಪಾಯ್ತಾ?"

"ನೀವು ಯಾಕೆ ಕೂಗಿದ್ರಿ?"

"ಅಯ್ಯೋ, ಏಲಂ ಅಂದ್ರೆ ಕೂಗಬೇಡ್ವಾ? ನಮ್ಮಪ್ಪನ ಪೆಟ್ಟಿಗೆ. ಇಪ್ಪತ್ತೆರಡಕ್ಕೆ ಹೋಗ್ತಾ ಇತ್ತು, ಅಸಿಂಗವಾಗಿ, ನಾಚಿಕೆಗೇಡು. ಅಕ್ಕನ ಮುಖಕ್ಕಾದ್ರೂ ಒಂದು ಮರ್ಯಾದೆ ಬೇಡ್ವಾ. ಸುಮ್ಮಾ ಏರಿಸಿದ್ವಿ."

ಆಗ ನನಗೆ ಪೂರ್ತಿ ಅರ್ಥವಾಯಿತು. ಅವರ ಪಾಲಿಗೆ ಹರಾಜು ಎಂದರೆ ರಾಮನವಮಿಯ ಪೆಂಡಾಲಿನ ಸವಾಲು. ಪೂಜೆ ಮುಗಿದ ಮೇಲೆ ಕಲಶದ ತೆಂಗಿನಕಾಯಿಯನ್ನೂ ದೇವರ ಹಾರವನ್ನೂ ಸವಾಲಿಗಿಡುತ್ತಾರೆ. ಮೂವತ್ತು ರೂಪಾಯಿಯ ಕಾಯಿಯನ್ನು ಮೂರು ಸಾವಿರಕ್ಕೆ ಏರಿಸುವುದು ಅಲ್ಲಿ ಭಕ್ತಿ, ಸ್ನೇಹ, ಸ್ವಲ್ಪ ಜಂಭ. ಕೂಗಿದ್ದನ್ನು ಮುಂದಿನ ರಾಮನವಮಿಯೊಳಗೆ ಕೊಟ್ಟರಾಯಿತು. ನಾನು 'ನೋಡಿ' ಎಂದು ಬರೆದದ್ದು ಅವರಿಗೆ ಆಮಂತ್ರಣ ಪತ್ರಿಕೆಯ ಹಾಗೆ ಕಂಡಿತ್ತು. ಯಾರೂ ಬರದಿದ್ದರೆ ಮನೆಯವರಿಗೆ ಅವಮಾನವಲ್ಲವೇ.

ಹಣ ಕಟ್ಟಿ ಎಂದು ಮೂರು ಮೇಲ್ ಬಂದಿದ್ದವಂತೆ. ಮೋಸದ ಮೇಲ್ ಇರಬೇಕು ಎಂದು ಚಿಕ್ಕಪ್ಪ ಜಾಣತನದಿಂದ ಅಳಿಸಿಹಾಕಿದ್ದರು.

ಮಾರುವವರ ಕಡೆಯವರೇ ಬೆಲೆ ಏರಿಸುವುದನ್ನು ನಿಯಮಗಳಲ್ಲಿ ಏನೆಂದು ಕರೆದಿದ್ದಾರೆಂದು ಆ ದಿನ, ಅವರ ಸೋಫಾದ ಮೇಲೆ ಕೂತು, ಮೊದಲ ಸಲ ಓದಿದೆ. ವಂಚನೆ. ದಂಡ, ಖಾತೆ ರದ್ದು, ವಸ್ತುವನ್ನು ತಡೆಹಿಡಿಯುವ ಹಕ್ಕು. ಕೂಗಿದವರು ಯಾರೋ ಗೊತ್ತಿಲ್ಲವೆಂದು ಬೇರೆ ಬರೆದುಕೊಟ್ಟಿದ್ದೆ. ಗೊತ್ತಿಲ್ಲವೆಂದೇ ಇದ್ದುಬಿಡು, ದುಡ್ಡು ನಾನು ಸ್ವಲ್ಪ ಕೊಡುತ್ತೇನೆ, ಕಟ್ಟಿ ಮುಗಿಸು ಎಂದರು ಚಿಕ್ಕಪ್ಪ. ಅದು ಸುಲಭವೂ ಆಗಿತ್ತು. ಆದರೆ ಕಟ್ಟಿದ ಮೇಲೆ ಜಾಲತಾಣದವರೇ ಪಟ್ಟಿಯನ್ನು ಕೆದಕಿ ಅಡ್ಡಹೆಸರುಗಳನ್ನು ಹೋಲಿಸಿದರೆ ಹಣವೂ ಹೋಗಿ ಪೆಟ್ಟಿಗೆಯೂ ಹೋಗುತ್ತದೆ. ನಾನಾಗಿದ್ದರೆ ಕೆದಕುತ್ತಿದ್ದೆ. ಸಕ್ಕರೆ ಕಾಯಿಲೆ ಮುಚ್ಚಿಟ್ಟರೆಂದು ಎಷ್ಟು ಜನರ ಕ್ಲೇಮು ತಿರಸ್ಕರಿಸಿದ್ದೇನೋ.

ಮನೆಗೆ ಬಂದು ಅತ್ತೆಗೆ ಎಲ್ಲ ಹೇಳಿದೆ. ಅವರು ಕೇಳಿದ ಮೊದಲ ಪ್ರಶ್ನೆ: "ಹಾಗಾದ್ರೆ ನುಡಿಸೋರು ಯಾರೂ ತಗೊಂಡಿಲ್ವೇನೇ?"

"ಇಲ್ಲ ಅತ್ತೆ."

"ಸರಿ. ಇದ್ದದ್ದು ಇದ್ದ ಹಾಗೆ ಬರಿ. ನಿನ್ನ ಚಿಕ್ಕಪ್ಪ ಪೆದ್ದ ಅಂತಾನೂ ಬರಿ, ಅದೂ ನಿಜಾನೇ."

ಬರೆದೆ. ಹಿಂದಿನ ನನ್ನ ಮಾತು ತಪ್ಪು, ಕೂಗಿದವರು ನನ್ನ ಬಂಧುಗಳು ಮತ್ತು ಅವರ ಸ್ನೇಹಿತರು, ಬೆಲೆ ಏರಿಸಿ ಬೇರೆಯವರಿಗೆ ಮೋಸ ಮಾಡುವ ಉದ್ದೇಶ ಇರಲಿಲ್ಲ, ಪೆಂಡಾಲಿನ ಸವಾಲು ಎಂದರೆ ಹೀಗೆ ಎಂದು ಒಂದು ಪುಟ. ಇಂಗ್ಲಿಷಿನಲ್ಲಿ ಅದನ್ನು ಬರೆದಾಗ ಶುದ್ಧ ಕಟ್ಟುಕತೆಯ ಹಾಗೆ ಕೇಳಿಸಿತು. ಉತ್ತರವಿಲ್ಲ. ಹತ್ತನೆಯ ದಿನ, ಹನ್ನೊಂದನೆಯ ದಿನ. ಫೋನಿನಲ್ಲಿ ಪ್ರತಿಸಲ ಹೊಸ ದನಿ, ಪ್ರತಿಸಲ ಮೊದಲಿನಿಂದ ಕತೆ. ಹದಿಮೂರನೆಯ ದಿನ ಆ ಪುಟದಲ್ಲಿ ಗಡಿಯಾರವೊಂದು ಪ್ರತ್ಯಕ್ಷವಾಗಿ ಗಂಟೆ, ನಿಮಿಷ, ಸೆಕೆಂಡು ಇಳಿಯತೊಡಗಿತು. ಹನ್ನೊಂದು ಜನ ಈ ವಸ್ತುವನ್ನು ಗಮನಿಸುತ್ತಿದ್ದಾರೆ ಎಂದು ತೋರಿಸಿತು.

ಹದಿನಾಲ್ಕನೆಯ ದಿನ ಮಧ್ಯಾಹ್ನ ನಾಲ್ಕು ಸಾಲಿನ ಮೇಲ್ ಬಂತು. ಹರಾಜು ಅಸಿಂಧು, ಆದ್ದರಿಂದ ಕಮಿಷನ್ ಇಲ್ಲ. ನಿಯಮ ಮುರಿದದ್ದಕ್ಕೆ ದಂಡ, ಗೋದಾಮಿನ ಬಾಡಿಗೆ, ವಾಪಸು ಕಳಿಸುವ ಖರ್ಚು ಸೇರಿ ಏಳು ಸಾವಿರದ ಇನ್ನೂರು. ಖಾತೆ ಶಾಶ್ವತವಾಗಿ ರದ್ದು. ನನ್ನ ಸವಾಲಿನ ಕತೆಯ ಬಗ್ಗೆ ಒಂದು ಮಾತಿಲ್ಲ. ನ್ಯಾಯವೋ ಅನ್ಯಾಯವೋ ಈಗಲೂ ಹೇಳಲಾರೆ. ಎರಡು ಸಲ ಪಿನ್ ತಪ್ಪಾಗಿ ಒತ್ತಿ ಮೂರನೆಯ ಸಲಕ್ಕೆ ಕಟ್ಟಿದೆ.

ಪೆಟ್ಟಿಗೆ ಬರಲು ಮತ್ತೆ ಒಂಬತ್ತು ದಿನ. ಅಷ್ಟು ದಿನವೂ ನಿದ್ದೆ ಇಲ್ಲ, ಈಗ ಲಾರಿಗಳ ಚಿಂತೆ. ಬಂದಾಗ ಅತ್ತೆ ಅಂಗೈಯಿಂದಲೇ ತಿದಿ ಒತ್ತಿದರು. ಯಾವ ಕೀ ಮುಟ್ಟದಿದ್ದರೂ ಒಂದು ಸ್ವರ ತಾನೇ ಎದ್ದು ನಿಂತಿತು. ಸ್ಪ್ರಿಂಗ್ ಸಡಿಲವಾಗಿತ್ತು.

"ಪರವಾಯಿಲ್ಲೆ, ರಿಪೇರಿ ಆಗತ್ತೆ" ಎಂದರು.

ಆ ಭಾನುವಾರ ಚಿಕ್ಕಪ್ಪನನ್ನು ಕರೆಸಿದರು. ಅವರು ಅಪರಾಧಿಯ ಹಾಗೆ ಬಾಗಿಲ ಬಳಿಯೇ ಕೂತರು.

"ಎಷ್ಟು ಕೂಗಿದೆಯೋ?"

"ಅರವತ್ತೊಂದು ಸಾವಿರದ ಒಂದು, ಅಕ್ಕ."

"ಆ ಒಂದನ್ನ ಈಗ ಇಡು. ಮಿಕ್ಕಿದ್ದಕ್ಕೆ ದಿನಾ ಬೆಳಿಗ್ಗೆ ಒಂದು ಗಂಟೆ ನುಡಿಸು. ನಿನ್ನ ಬೆರಳು ಚೆನ್ನಾಗಿ ಮಡಚತ್ತಲ್ಲ, ಮೊಬೈಲ್ ಒತ್ತಕ್ಕೆ."

ಚಿಕ್ಕಪ್ಪನ ಜೇಬಿನಲ್ಲಿ ಚಿಲ್ಲರೆ ಇರಲಿಲ್ಲ. ಒಂದು ರೂಪಾಯಿ ನಾನೇ ಕೊಟ್ಟೆ, ಏಳು ಸಾವಿರದ ಇನ್ನೂರರ ಮೇಲೆ ಅದೂ ನನ್ನದೇ. ಆಟೋದಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಅವರು ತಾಂಬರಂಗೆ ಹೋದರು. ಪೆಟ್ಟಿಗೆಯೂ ನಾನೂ ತಲುಪಿದೆವು ಎಂದು ಏಳು ಗಂಟೆಗೆ ಫೋನು ಮಾಡಿದರು. ಆ ಭಾನುವಾರ ನಾನು ಒಂಬತ್ತಕ್ಕೆ ಮಲಗಿ, ಸೋಮವಾರ ಅತ್ತೆ ಬಂದು ಕಾಲು ಅಲುಗಾಡಿಸುವವರೆಗೂ ಎದ್ದಿರಲಿಲ್ಲ.