ಅತಿಥಿಯ ಗಡಿಯಾರ

ನನಗೊಂದು ಕೆಟ್ಟ ಚಟವಿದೆ. ಯಾರಾದರೂ ತಮ್ಮ ಬಗ್ಗೆ ತಾವೇ ಹೇಳಿಕೊಂಡರೆ ನಂಬಿಬಿಡುತ್ತೇನೆ. ಮನುಷ್ಯರ ವಿಷಯದಲ್ಲಿ ಇದರಿಂದ ಅಂಥ ನಷ್ಟವೇನೂ ಆಗಿಲ್ಲ. ಪೆಟ್ಟು ಬಿದ್ದದ್ದು ಕಂಪ್ಯೂಟರಿನ ವಿಷಯದಲ್ಲಿ.

ಆಲೂರಿನ ಒಳರಸ್ತೆಯ ನಮ್ಮ ಮನೆಯಲ್ಲಿ ಕೂತು ನಾನು ಮಾಡುವ ಉದ್ಯೋಗವನ್ನು ಊರಿನವರಿಗೆ ವಿವರಿಸಿ ಗೆದ್ದದ್ದಿಲ್ಲ. ಒಂದು ಕಂಪ್ಯೂಟರಿನ ಹೊಟ್ಟೆಯೊಳಗೆ ಇನ್ನೊಂದು ಕಂಪ್ಯೂಟರನ್ನು ಸಾಕುವ ವ್ಯವಸ್ಥೆಯೊಂದಿದೆ. ಒಳಗಿನದನ್ನು ನಮ್ಮ ಕಸುಬಿನವರು ಅತಿಥಿ ಎನ್ನುತ್ತಾರೆ. ಅದಕ್ಕೆ ಮಾತ್ರ ಆ ಸಂಗತಿ ಗೊತ್ತಿಲ್ಲ, ಮನೆಯೆಲ್ಲ ತನ್ನದೇ ಎಂದುಕೊಂಡಿರುತ್ತದೆ. ಅಂಥ ನೆಂಟರು ನಮ್ಮಲ್ಲೂ ಇದ್ದಾರೆ, ಆ ಮಾತು ಬೇಡ. ಈ ಅತಿಥಿಯನ್ನು ಚುರುಕುಗೊಳಿಸಲು ನಮ್ಮ ತಂಡ ಪ್ರಯೋಗಗಳನ್ನು ಮಾಡುತ್ತದೆ. ನಿಜಕ್ಕೂ ಚುರುಕಾಯಿತೇ ಎಂದು ಪರೀಕ್ಷಿಸಿ ಹೇಳುವವನು ನಾನು.

ಹೇಳುವುದೆಂದರೆ ಹೆಚ್ಚಾಗಿ ‘ಇಲ್ಲ’ ಎನ್ನುವುದೇ. ತಂಡದಲ್ಲಿ ನನಗೆ ಅಡ್ಡಗಾಲು ಎಂಬ ಹೆಸರು ಬಿದ್ದಿತ್ತು. ಈ ಸಲದ್ದು ಸುಮಾ ಎಂಬ ಕಿರಿಯ ಸಹೋದ್ಯೋಗಿಯ ಮೂರು ತಿಂಗಳ ದುಡಿಮೆ. ಹೊರಗಿನ ಕಂಪ್ಯೂಟರು ಅತಿಥಿಯನ್ನು ಪದೇ ಪದೇ ತಟ್ಟಿ ಎಬ್ಬಿಸದೆ ಕೆಲಸಕ್ಕೆ ಬಿಡುವುದು ಅವಳ ಉಪಾಯ. ಒಮ್ಮೆಯಾದರೂ ‘ಹೌದು’ ಎನ್ನಬೇಕೆಂದು ನನಗೆ ಬಹಳ ಆಸೆಯಿತ್ತು.

ಹಳೆಯ ಕ್ರಮದಲ್ಲಿ ಒಂದು ಕೆಲಸಕ್ಕೆ ಅತಿಥಿ ಎರಡು ಗಂಟೆ ತೆಗೆದುಕೊಂಡಿತ್ತು. ಮರುದಿನ ಹೊಸ ಕ್ರಮದಲ್ಲಿ ಅದೇ ಕೆಲಸ ಮುಗಿಸಿ, ಒಂದು ಗಂಟೆ ಇಪ್ಪತ್ತು ನಿಮಿಷ ಎಂದಿತು. ಕೂಡಲೇ ವರದಿ ಕಳಿಸಿದೆ. ಹೊಸ ಕ್ರಮ ನಾಳೆಯೇ ಎಲ್ಲರಿಗೂ ಬಿಡುಗಡೆ ಎಂದು ಉತ್ತರ ಬಂತು. ಹಿಗ್ಗು ತಡೆಯಲಾರದೆ ಅಂಗಳಕ್ಕೆ ಬಂದೆ.

ಅಂಗಳದಲ್ಲಿ ಪಕ್ಕದ ಮನೆಯ ರುಕ್ಮಿಣಕ್ಕ ನಮ್ಮ ಕಾಫಿ ಒಣಗಿಸುತ್ತಿದ್ದರು. ಸಿಲ್ವರ್ ಓಕ್ ಮರದ ನೆರಳು ನೋಡಿಕೊಂಡು ಅರ್ಧ ಗಂಟೆಗೊಮ್ಮೆ ಹಲಗೆಯಿಂದ ಕೈಯಾಡಿಸುವುದು ಅವರ ಪದ್ಧತಿ. ಮಿಷನ್ನು ಇವತ್ತು ಬೇಗ ಮುಗಿಸಿತು ಎಂದೆ.

“ಎಲ್ಲಿ ಬೇಗ ಮುಗೀತು ಮಾರಾಯ?” ಎಂದರು. “ನಿನ್ನೆ ಅದು ಕಿಟಕೀಲಿ ಗುಂಯ್ ಅಂತ ಶುರು ಮಾಡ್ದಾಗ್ಲಿಂದ ನಿಲ್ಲೋ ಹೊತ್ಗೆ ನಾಕು ಸಲ ಕಾಫಿ ಕೈಯಾಡ್ಸಿದ್ದೆ. ಇವತ್ತೂ ನಾಕೇ ಸಲ ಕಣೋ.”

“ಮಿಷನ್ನೇ ಹೇಳ್ತಲ್ಲ ರುಕ್ಮಿಣಕ್ಕ, ಇಷ್ಟೊತ್ತು ಅಂತ.”

“ಕೆಲ್ಸ ಮಾಡೋರ್ನೇ ಹೊತ್ತು ಕೇಳ್ತಾರೇನೋ?”

ನಕ್ಕು ಒಳಗೆ ಬಂದೆ, ಆದರೆ ಕೂರಲಾಗಲಿಲ್ಲ. ಗೋಡೆ ಗಡಿಯಾರವನ್ನು ಎದುರಿಗಿಟ್ಟುಕೊಂಡು ಮತ್ತೆ ಓಡಿಸಿದೆ. ಸರಿಯಾಗಿ ಎರಡು ಗಂಟೆ! ತಟ್ಟಿ ಎಬ್ಬಿಸುವುದನ್ನು ಬಿಟ್ಟಿದ್ದರಿಂದ, ಆ ತಟ್ಟುಗಳನ್ನೇ ಎಣಿಸಿ ನಡೆಯುವ ಅತಿಥಿಯೊಳಗಿನ ಗಡಿಯಾರವೂ ನಡುನಡುವೆ ತೂಕಡಿಸುತ್ತಿತ್ತು. ಕೆಲಸ ಚುರುಕಾಗಿರಲಿಲ್ಲ, ಹೊತ್ತು ನಿಧಾನವಾಗಿತ್ತು.

ಸುಮಾಳಿಗೆ ನಾನೇ ಫೋನ್ ಮಾಡಿದೆ. ಅವಳು ಎರಡೂ ದಿನದ ಲೆಕ್ಕವನ್ನು ಇನ್ನೊಮ್ಮೆ ಹೇಳಿಸಿಕೊಂಡಳು. ನನಗೂ ಬೇಜಾರಾಯಿತು. ಆಮೇಲೆ, “ಬಿಡುಗಡೆಗೆ ಮುಂಚೆ ಸಿಕ್ತಲ್ಲ ಸಾರ್, ಬಚಾವ್” ಎಂದಳು. ಬಿಡುಗಡೆ ನಿಂತಿತು. ತಪ್ಪನ್ನು ಯಾವ ಉಪಕರಣದಿಂದ ಹಿಡಿದಿರಿ ಎಂದು ಮುಖ್ಯಸ್ಥರು ಕೇಳಿದರು. ಕಾಫಿ ಕೈಯಾಡಿಸುವ ಹಲಗೆಯಿಂದ ಎಂದು ಬರೆದೆ. ತಮಾಷೆ ಎಂದುಕೊಂಡಿರಬೇಕು, ಒಂದು ನಗುಮುಖ ಕಳಿಸಿದರು.

ಈಗಲೂ ಕೆಲವು ದಿನ ಸಂಜೆ, ಇವತ್ತು ಬಹಳ ಕೆಲಸ ಮಾಡಿಬಿಟ್ಟೆ ಎಂದು ನನಗೆ ನಾನೇ ಬೆನ್ನು ತಟ್ಟಿಕೊಳ್ಳುವಂತಾಗುತ್ತದೆ. ಅಂಥ ದಿನ ಮೊದಲು ಅಂಗಳಕ್ಕೆ ಹೋಗಿ ರುಕ್ಮಿಣಕ್ಕನನ್ನು ಕೇಳುತ್ತೇನೆ, ಎಷ್ಟು ಸಲ ಆಯಿತು ಎಂದು.