ರಕ್ತ ತಣ್ಣಗೆ ಮಾಡ್ತಾರಂತೆ

ನಾಯಂಡಹಳ್ಳಿಯ ಶೆಡ್ಡಿನಲ್ಲಿ ಫೈಬರ್ ಗೊಂಬೆ ಮಾಡುತ್ತಿದ್ದ ರಾಜೇಂದ್ರನಿಗೆ ಎತ್ತರವೆಂದರೆ ಭಯವಿರಲಿಲ್ಲ, ಹಾವೆಂದರೂ ಇರಲಿಲ್ಲ. ಅವನು ಹೆದರಿದ್ದು ಡಾಕ್ಟರು ಹೇಳಿದ ಒಂದು ಮಾತಿಗೆ. ಅವನ ಹೃದಯದ ವಾಲ್ವ್ ಬದಲಿಸುವಾಗ ರಕ್ತವನ್ನು ಯಂತ್ರಕ್ಕೆ ಹರಿಸಿ, ಮೈಯನ್ನು ತಣ್ಣಗೆ ಮಾಡಿ, ಕೆಲಸ ಮುಗಿದ ಮೇಲೆ ಮತ್ತೆ ಬಿಸಿ ಮಾಡುತ್ತಾರಂತೆ.

ಮತ್ತೆ ಬಿಸಿಯಾಗದಿದ್ದರೆ?

ಅವತ್ತಿನಿಂದ ತನ್ನ ಕೈಯನ್ನು ತಾನೇ ಮುಟ್ಟಿ ಮುಟ್ಟಿ ನೋಡಿಕೊಳ್ಳತೊಡಗಿದ. ಮೂಡಲಪಾಳ್ಯದ ಮನೆಯಲ್ಲಿ ಊಟಕ್ಕೆ ಕೂತರೆ ಬಿಸಿ ಮುದ್ದೆಯ ಮೇಲೆ ಬೆರಳಿಟ್ಟುಕೊಂಡೇ ಇರುತ್ತಿದ್ದ.

"ತಿನ್ನೋಕೆ ಇಟ್ಟಿರೋದು ಕಣ್ರೀ, ಶಾಖ ತಗೊಳ್ಳೋಕಲ್ಲ," ಎಂದು ಹೆಂಡತಿ ಚೇತನಾ ಅಂದರೆ ಅವನು ನಗುತ್ತಲೂ ಇರಲಿಲ್ಲ.

ಶೆಡ್ಡಿನಲ್ಲಿ ಆಗ ಯಾವುದೋ ಪಾರ್ಕಿಗೆಂದು ಮಾಡಿದ, ಬಾಯ್ತೆರೆದ ಡೈನೋಸಾರ್ ನಿಂತಿತ್ತು. ಗೆಳೆಯ ಮಧುಕುಮಾರ್ ಸಂಜೆ ಬಂದಾಗ ರಾಜೇಂದ್ರ ಅದರ ಹೊಟ್ಟೆ ತಟ್ಟಿ ಕೇಳಿದ. "ಗುರು, ನೀನು ಓದ್ಕೊಂಡಿರೋನು. ಇದು ಹಲ್ಲಿ ಥರ ತಣ್ಣನೆ ರಕ್ತದ್ದಾ, ನಮ್ಮ ಥರ ಬಿಸಿದಾ?"

"ವಿಜ್ಞಾನಿಗಳು ಇನ್ನೂ ಜಗಳ ಆಡ್ತಾನೇ ಇದಾರೆ. ಮೂಳೆ ಕುಯ್ದು ನೋಡಿದ್ರೆ ಬೇಗ ಬೇಗ ಬೆಳೆದಿರೋದು ಕಾಣತ್ತಂತೆ. ಅದಕ್ಕೆ ಬೇಟೆ ಆಡೋ ಡೈನೋಸಾರ್‌ದು ಬಿಸಿರಕ್ತಾನೇ ಅಂತಾರೆ ತುಂಬಾ ಜನ. ಕೆಲವರು ಒಪ್ಪಲ್ಲ. ದೊಡ್ಡ ಮೈ, ಒಂದ್ಸಲ ಕಾದ್ರೆ ಬೇಗ ಆರಲ್ಲ, ಅಷ್ಟೇ ಅಂತಾರೆ."

ಅದು ರಾಜೇಂದ್ರನಿಗೆ ಅರ್ಥವಾಯಿತು. ಗೊಂಬೆಗೆ ಬಳಿಯುವ ರೆಸಿನ್ ಅಂಟು ಬಕೆಟ್ಟಿನ ತಳದಲ್ಲಿ ದಪ್ಪಗೆ ಉಳಿದರೆ ತಾನಾಗಿಯೇ ಕಾದು ಹೊಗೆಯಾಡುತ್ತದೆ. ತೆಳ್ಳಗೆ ಬಳಿದದ್ದು ಚಳಿಗೆ ಗಟ್ಟಿಯಾಗದೆ ಅಂಟಂಟಾಗಿ ಉಳಿಯುತ್ತದೆ. ಅವನು ತನ್ನ ಸಣಕಲು ತೋಳು ನೋಡಿಕೊಂಡ.

"ನಾನು ತೆಳ್ಳಗಿದೀನಲ್ಲ ಮಗಾ."

"ಅದಕ್ಕೇ ಮೆಷಿನ್ ಇಟ್ಟಿರೋದು ಕಣೋ. ನಿನ್ನ ಮೈ ನಂಬ್ಕೊಂಡು ಯಾವ ಡಾಕ್ಟ್ರು ಕೂರ್ತಾನೆ?"

ರಾಜೇಂದ್ರ ನಕ್ಕ. ಬ್ರಷ್ ಕೆಳಗಿಟ್ಟು ಮತ್ತೆ ತನ್ನ ಕೈ ಮುಟ್ಟಿ ನೋಡಿಕೊಂಡ.

ಆಪರೇಷನ್ನಿನ ಬೆಳಿಗ್ಗೆ ವಾರ್ಡಿನಲ್ಲಿ ಅವನು ಚೇತನಾಳ ಕೈ ಹಿಡಿದು ತನ್ನ ಕಸುಬಿನ ಪಾಠ ಹೇಳಿಕೊಟ್ಟ. ಅಚ್ಚಿನೊಳಗೆ ರೆಸಿನ್ ಕಾದಿದೆಯೋ ಇಲ್ಲವೋ ಎಂದು ಅವನು ನೋಡುತ್ತಿದ್ದದ್ದು ಹಾಗೆಯೇ.

"ಹೊರಗೆ ತಂದ್ಮೇಲೆ ನನ್ನ ಪಾದಕ್ಕೆ ಕೈ ಹಿಂಗಿಡು. ಅಂಗೈ ಅಲ್ಲ, ಹಿಂಭಾಗ. ಅಂಗೈಗೆ ತನ್ನದೇ ಶಾಖ ಇರತ್ತೆ, ಮೋಸ ಮಾಡತ್ತೆ."

"ಸುಮ್ನಿರಿ, ನೀವೇನು ಗೊಂಬೇನಾ?" ಅಂದಳು. ಆದರೂ ಅವನ ಪಾದದ ಮೇಲೆ ಇಟ್ಟು ಕಲಿತುಕೊಂಡಳು.

ಮಧ್ಯಾಹ್ನ ಐಸಿಯುಗೆ ತಂದಾಗ ಪಾದ ಬೆಚ್ಚಗಿತ್ತು. ಅವಳು ಹೊರಗೆ ಕಾಯುತ್ತಿದ್ದ ಮಧುಕುಮಾರನ ಬಳಿ ಓಡಿ ಬಂದು, "ಬಿಸಿ ಇದೆ ಮಧು ಅಣ್ಣ, ಬಿಸಿ ಇದೆ," ಎಂದಳು.

ಸಂಜೆ ಹೃದಯ ನಿಂತಿತು. ಇನ್ನಿಲ್ಲವೆಂದು ಹೇಳಿ ಅವರಿಬ್ಬರನ್ನೂ ಒಳಗೆ ಬಿಟ್ಟರು. ಚೇತನಾ ಪಾದಕ್ಕೆ ಕೈಯ ಹಿಂಭಾಗ ಇಟ್ಟಳು. ತಣ್ಣಗಿತ್ತು. ಕೈ ತಿರುಗಿಸಿ ಅಂಗೈ ಇಟ್ಟಳು. ನರ್ಸ್ ಬಂದು ಕರೆದರೂ ತೆಗೆಯಲಿಲ್ಲ.